ಫ್ಯೂವರ್, ಲೆಸ್ ಎರಡಕ್ಕೂ 'ಕಡಿಮೆ'ಯೇ ಗತಿಯಾ?

ಅರ್ಜೆಂಟಾಗಿ ಒಂದು ಪದ ಬೇಕು. ಇಂಗ್ಲಿಷ್ ವ್ಯಾಕರಣದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಕೊಡಬೇಕು. 'ಎ ಫ್ಯೂ'ಗೆ ಕೆಲವು, 'ಎ ಲಿಟಲ್'ಗೆ ಸ್ವಲ್ಪ ಅಂತ ಹಾಕಿದೆ. ಫ್ಯೂವರ್, ಲೆಸ್ ಬಂದಾಗ ಸಿಕ್ಕಿಕೊಂಡೆ. ಎಣಿಸುವಂಥದ್ದಕ್ಕೆ ಫ್ಯೂವರ್, ಅಳೆಯುವಂಥದ್ದಕ್ಕೆ ಲೆಸ್ ಅನ್ನೋದು ಪಾಠದ ನಿಯಮ. ಕಡಿಮೆ ಪುಸ್ತಕ, ಕಡಿಮೆ ನೀರು, ಎರಡೂ ಒಂದೇ ಆಯಿತು. ಬೇರೆ ಪದ ಇದೆಯಾ? ಅಂಗಡಿಯಲ್ಲಿ ಕಡಿಮೆ ಸಾಮಾನು ಕೊಂಡವರು ದುಡ್ಡು ಕಟ್ಟುವ ಸಾಲಿಗೆ ಹಾಕುವ 'ಟೆನ್ ಐಟಮ್ಸ್ ಆರ್ ಲೆಸ್' ಅನ್ನೋ ಬೋರ್ಡೂ ಪಾಠದಲ್ಲಿದೆ. 'ಹತ್ತಕ್ಕಿಂತ ಕಡಿಮೆ ವಸ್ತು' ಅಂದರೆ ಸಾಕಲ್ವಾ?

ಉತ್ತರ:
ಸಾಲದು. ಹತ್ತಕ್ಕಿಂತ ಕಡಿಮೆ ಅಂದರೆ ಒಂಬತ್ತಕ್ಕೇ ನಿಂತಿತು, ಸರಿಯಾಗಿ ಹತ್ತು ಹಿಡಿದು ಬಂದವರು ಎಲ್ಲಿಗೆ ಹೋಗಬೇಕು? 'ಹತ್ತು ವಸ್ತುಗಳವರೆಗೆ' ಅನ್ನಿ. ಫ್ಯೂವರ್‌ಗೆ ಬೇರೆ ಪದ ಹುಡುಕಬೇಡಿ, ಇಲ್ಲ. ಎಷ್ಟು ಪುಸ್ತಕ, ಎಷ್ಟು ನೀರು ಅಂತ ಒಂದೇ 'ಎಷ್ಟು'ವಿನಲ್ಲಿ ಮುಗಿಸುವ ನುಡಿ ನಮ್ಮದು. ನಾವು ಗೆರೆ ಎಳೆಯುವುದು ಬೇರೆ ಕಡೆ, ಜನಕ್ಕೂ ಮಿಕ್ಕದ್ದಕ್ಕೂ ನಡುವೆ: ಕೆಲವರು-ಕೆಲವು, ಹಲವರು-ಹಲವು. ಹಳಗನ್ನಡದಲ್ಲಿ ಎನಿಬರ್ (ಎಷ್ಟು ಜನ)-ಎನಿತು (ಎಷ್ಟು) ಕೂಡ ಹೀಗೇ. ಈ ಹಲವು ಹಿಂದೆ ಪಲವು ಆಗಿತ್ತು, ತಮಿಳಿನಲ್ಲಿ ಇಂದಿಗೂ ಪಲ. ನಮ್ಮ ಕೆಲ ಅಲ್ಲಿ ಸಿಲ, ನಮ್ಮ ಕಿವಿ ಅಲ್ಲಿ ಸೆವಿ ಆದ ಹಾಗೆ. ಇಷ್ಟು ಗಟ್ಟಿ ಬೇರು ಇರುವಾಗ ಸಂಸ್ಕೃತದ ಸ್ವಲ್ಪ ಯಾಕೆ? ತುಸು ಇದೆ, ಕೊಂಚ ಇದೆ.

ಉತ್ತರ:
ಶುರುವಾಯಿತು. ಅವರು ಕೇಳಿದ್ದು ಪದ, ಪದದ ಜಾತಕ ಅಲ್ಲ. ಸ್ವಲ್ಪ ಅನ್ನೋದು ಮಾತು ಕಲಿಯುವ ಮಗುವಿನ ಬಾಯಲ್ಲೂ ಇದೆ, ಹಾಗೇ ಬಿಡಿ. ಜಾಸ್ತಿ ಅರಬ್ಬಿ ಮೂಲದ್ದು, ಅದನ್ನೂ ಓಡಿಸುತ್ತೀರಾ?

ಆ ಇಂಗ್ಲಿಷ್ ನಿಯಮಕ್ಕೂ ಅಷ್ಟೊಂದು ಹೆದರಬೇಕಿಲ್ಲ. 1770ರಲ್ಲಿ ರಾಬರ್ಟ್ ಬೇಕರ್ ಅನ್ನುವವರು ಎಣಿಸುವ ವಸ್ತುಗಳಿಗೆ ಫ್ಯೂವರ್ ಚೆನ್ನ ಅಂತ ತಮಗನಿಸಿದ್ದನ್ನು ಬರೆದರು. ಆಮೇಲಿನವರು ಅದನ್ನೇ ಕಟ್ಟಳೆ ಮಾಡಿಕೊಂಡರು. ಒಂಬತ್ತನೇ ಶತಮಾನದ ಇಂಗ್ಲೆಂಡಿನ ರಾಜ ಆಲ್ಫ್ರೆಡ್‌ನ ಬರಹದಲ್ಲೇ ಮಾತುಗಳನ್ನು ಎಣಿಸುವಾಗ ಲೆಸ್ ಇದೆ. ಇವತ್ತಿಗೂ ಐದು ಕಿಲೋಮೀಟರಿಗಿಂತ ಕಡಿಮೆ ಅನ್ನಲು 'ಲೆಸ್ ದ್ಯಾನ್' ಅಂತಲೇ ಅನ್ನುತ್ತಾರೆ, ಕಿಲೋಮೀಟರನ್ನು ಎಣಿಸಬಹುದಾದರೂ.

ಪಾಠದಲ್ಲಿ ವ್ಯತ್ಯಾಸ ತೋರಿಸಲೇಬೇಕಾದ ಕಡೆ 'ಸಂಖ್ಯೆಯಲ್ಲಿ ಕಡಿಮೆ', 'ಪ್ರಮಾಣದಲ್ಲಿ ಕಡಿಮೆ' ಅಂತ ಬರೆಯಿರಿ. ಉದಾಹರಣೆಗಳಲ್ಲಿ ಸುಮ್ನೆ ಕಡಿಮೆ ಸಾಕು. ಒಂದು ಕಡೆ ಮಾತ್ರ ಹುಷಾರು: 'ಎ' ಇಲ್ಲದ ಬರೀ 'ಫ್ಯೂ'ಗೆ ಕೆಲವು ಹಾಕಬೇಡಿ. ಅದರಲ್ಲಿ 'ಹೆಚ್ಚೇನೂ ಇಲ್ಲ' ಅನ್ನೋ ಕೊರಗು ಇದೆ.

ಕೇಳಿದವರು:
ಅಯ್ಯೋ, ಬರೀ 'ಫ್ಯೂ'ಗೂ ಕೆಲವು ಅಂತಲೇ ಎಲ್ಲಾ ಕಡೆ ಹಾಕಿದ್ದೆ! ತಿದ್ದುತ್ತೇನೆ. ಬೋರ್ಡಿಗೆ 'ಹತ್ತು ವಸ್ತುಗಳವರೆಗೆ'. ಇಬ್ಬರಿಗೂ ವಂದನೆ.

ಉತ್ತರ:
ಸಂಖ್ಯೆ, ಪ್ರಮಾಣ ಯಾಕೆ, ಎಣಿಕೆ, ಅಳತೆ ಇಲ್ಲವೇ? ಜಾಸ್ತಿಗೆ ಹೆಚ್ಚು ಇದೆ. ಓಡಿಸಿ ಅಂತ ನಾನೇನೂ ಹೇಳಿರಲಿಲ್ಲ.