ಎರಡು ಕಂಡೀಷನರ್, ಎರಡು ಪಟ್ಟಿ: ಬ್ಲೀಚ್ ಆದ ನನ್ನ ಕೂದಲಿಗೆ ಯಾವುದು?

ಪ್ರಶ್ನೆ:

ನಮಸ್ತೆ ಮೇಡಂ. ನೀವು ಶಾಂಪೂ, ಕಂಡೀಷನರ್ ತಯಾರಿಸುವ ಲ್ಯಾಬ್‌ನಲ್ಲಿ ಕೆಮಿಸ್ಟ್ ಅಂತ ಗ್ರೂಪ್‌ನಲ್ಲಿ ಓದಿದ್ದೆ, ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ನನ್ನ ಕೂದಲು ಸೊಂಟದವರೆಗೆ ಇದೆ. ಎರಡು ಸಲ ಬ್ಲೀಚ್ ಮಾಡಿಸಿ ಬಣ್ಣ ಹಾಕಿಸಿದ್ದೇನೆ. ಈಗ ಬುಡದಲ್ಲಿ ಎರಡನೇ ದಿನಕ್ಕೇ ಜಿಡ್ಡು, ತುದಿಯಲ್ಲಿ ತೆಂಗಿನ ನಾರಿನ ಹಾಗೆ ಒರಟು. ಬಾಚಿದರೆ ಪಟಪಟ ಅಂತ ತುಂಡಾಗುತ್ತದೆ.

ನನ್ನ ಹತ್ತಿರ ಎರಡು ಬಾಟಲಿ ಇವೆ. ಮೊದಲನೆಯದು ದುಬಾರಿ. ಮುಂದೆ ದೊಡ್ಡ ಅಕ್ಷರದಲ್ಲಿ ‘ಆರ್ಗನ್ ಎಣ್ಣೆ, ಕೆರಾಟಿನ್’ ಅಂತ ಇದೆ. ಹಿಂದಿನ ಪಟ್ಟಿ ಹೀಗಿದೆ: ನೀರು, ಸೀಟಿಯರಿಲ್ ಆಲ್ಕೋಹಾಲ್, ಬೆಹೆಂಟ್ರಿಮೋನಿಯಂ ಕ್ಲೋರೈಡ್, ಅಮೋಡೈಮೆಥಿಕೋನ್, ಗ್ಲಿಸರಿನ್, ಸುಗಂಧ, ಫಿನಾಕ್ಸಿಎಥನಾಲ್, ಟ್ರೈಡೆಸೆತ್-12, ಸೆಟ್ರಿಮೋನಿಯಂ ಕ್ಲೋರೈಡ್, ಆರ್ಗನ್ ಎಣ್ಣೆ, ಹೈಡ್ರೊಲೈಜ್ಡ್ ಕೆರಾಟಿನ್, ಸಿಟ್ರಿಕ್ ಆಸಿಡ್.

ಎರಡನೆಯದು ಅಗ್ಗದ್ದು. ಮುಂದೆ ‘ಸಿಲಿಕೋನ್ ಇಲ್ಲ’ ಅಂತ ಇದೆ. ಪಟ್ಟಿ: ನೀರು, ಸೀಟೈಲ್ ಆಲ್ಕೋಹಾಲ್, ಸ್ಟಿಯರಮಿಡೋಪ್ರೊಪೈಲ್ ಡೈಮಿಥೈಲಮೈನ್, ತೆಂಗಿನ ಎಣ್ಣೆ, ಗ್ಲಿಸರಿನ್, ಲ್ಯಾಕ್ಟಿಕ್ ಆಸಿಡ್, ಸುಗಂಧ, ಸೋಡಿಯಂ ಬೆಂಜೊಯೇಟ್, ಪ್ಯಾಂಥೆನಾಲ್.

ಎರಡರಲ್ಲೂ ಎರಡನೇ ಹೆಸರೇ ಆಲ್ಕೋಹಾಲ್! ಆಲ್ಕೋಹಾಲ್ ಕೂದಲನ್ನು ಒಣಗಿಸುತ್ತದೆ, ಸಿಲಿಕೋನ್ ಪ್ಲಾಸ್ಟಿಕ್ ಹಾಗೆ ಮುಚ್ಚಿಬಿಡುತ್ತದೆ ಅಂತ ಗೆಳತಿ ಹೆದರಿಸಿದ್ದಾಳೆ. ಯಾವುದನ್ನು ಹಚ್ಚಲಿ?

ಉತ್ತರ:

ಪಟ್ಟಿಯನ್ನು ಪೂರ್ತಿ ಬರೆದು ಕೇಳಿದ್ದು ತುಂಬಾ ಒಳ್ಳೆಯದಾಯಿತು. ಬರೀ ಬ್ರ್ಯಾಂಡ್ ಹೆಸರು ಹೇಳಿದ್ದರೆ ನನಗೂ ಉತ್ತರ ಹೇಳಲು ಆಗುತ್ತಿರಲಿಲ್ಲ.

ನಿಮ್ಮ ಕೂದಲಿಗೆ ಮೊದಲನೇ ಬಾಟಲಿ. ಆದರೆ ಅದರ ಮುಂದೆ ಬರೆದಿರುವ ಕಾರಣಕ್ಕಲ್ಲ. ಆರ್ಗನ್ ಎಣ್ಣೆ, ಕೆರಾಟಿನ್ ಎರಡನ್ನೂ ತೆಗೆದುಹಾಕಿದರೂ ನಾನು ಅದನ್ನೇ ಹೇಳುತ್ತಿದ್ದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಪಟ್ಟಿ ಓದುವ ಬಗೆ. ಬಹುತೇಕ ದೇಶಗಳ ನಿಯಮದಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮುಂದೆ, ಕಡಿಮೆ ಇರುವುದು ಹಿಂದೆ. ಈ ಕ್ರಮ 1 ಪರ್ಸೆಂಟ್‌ವರೆಗೆ ಮಾತ್ರ. ಅದಕ್ಕಿಂತ ಕಡಿಮೆ ಇರುವುದನ್ನು ಕಂಪನಿ ಹೇಗೆ ಬೇಕಾದರೂ ಜೋಡಿಸಬಹುದು. ಈ 1 ಪರ್ಸೆಂಟ್ ಗೆರೆ ಎಲ್ಲಿದೆ ಅಂತ ಬಾಟಲಿ ಹೇಳುವುದಿಲ್ಲ, ನಾವೇ ಹುಡುಕಬೇಕು. ನಿಮ್ಮ ಮೊದಲನೇ ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಇದೆ ನೋಡಿ. ಅದು ಕೆಡದಂತೆ ಕಾಯುವ ಪ್ರಿಸರ್ವೇಟಿವ್. ಯುರೋಪಿನ ನಿಯಮದಲ್ಲಿ ಅದನ್ನು 1 ಪರ್ಸೆಂಟ್‌ಗಿಂತ ಜಾಸ್ತಿ ಹಾಕುವಂತಿಲ್ಲ, ಬೇರೆ ಕಡೆಯೂ ಸಾಮಾನ್ಯವಾಗಿ ಅದೇ ಮಿತಿಯೊಳಗೇ ಹಾಕುತ್ತಾರೆ. ಅಂದರೆ ಅದರ ಹಿಂದೆ ಬರುವ ಆರ್ಗನ್ ಎಣ್ಣೆ, ಕೆರಾಟಿನ್ ಎಲ್ಲವೂ 1 ಪರ್ಸೆಂಟ್‌ನ ಒಳಗೇ. ಎಷ್ಟು ಒಳಗೆ ಅಂತ ಪಟ್ಟಿ ನೋಡಿ ಹೇಳಲು ಬರುವುದಿಲ್ಲ. ಒಂದು ಲೆಕ್ಕ ಹಾಕಿ: 200 ಗ್ರಾಂ ಬಾಟಲಿಯಲ್ಲಿ ಎಣ್ಣೆ 0.1 ಪರ್ಸೆಂಟ್ ಇದ್ದರೆ ಅದು 0.2 ಗ್ರಾಂ. ಇಡೀ ಬಾಟಲಿಗೆ ಹತ್ತು ಹನಿಯೂ ಆಗುವುದಿಲ್ಲ.

ಎರಡನೇ ಬಾಟಲಿಯಲ್ಲಿ ತೆಂಗಿನ ಎಣ್ಣೆ ಸುಗಂಧಕ್ಕಿಂತ ಮುಂದೆ, ಗ್ಲಿಸರಿನ್‌ಗಿಂತಲೂ ಮುಂದೆ ಇದೆ. ಎಣ್ಣೆಯ ಹೆಸರನ್ನು ಮುಂದೆ ಬರೆಯದ ಬಾಟಲಿಯಲ್ಲೇ ಎಣ್ಣೆ ಜಾಸ್ತಿ ಇರುವ ಹಾಗಿದೆ. ಬಾಟಲಿ ಕೈಗೆ ಬಂದರೆ ನಾನು ಮೊದಲು ತಿರುಗಿಸಿ ಹಿಂದೆ ನೋಡುವುದು ಇದಕ್ಕೇ.

ಈಗ ಆಲ್ಕೋಹಾಲ್ ಭಯ. ಒಣಗಿಸುವ ಆಲ್ಕೋಹಾಲ್ ಬೇರೆ. ಸ್ಯಾನಿಟೈಸರ್‌ನಲ್ಲಿ ಇರುತ್ತದಲ್ಲ, ಎಥನಾಲ್, ಐಸೊಪ್ರೊಪೈಲ್ ಆಲ್ಕೋಹಾಲ್, ಅವು ನೀರಿನಂತಿರುತ್ತವೆ, ಕೈಮೇಲೆ ಬಿದ್ದರೆ ಆವಿಯಾಗಿ ಹೋಗುತ್ತವೆ. ಸೀಟೈಲ್, ಸ್ಟಿಯರಿಲ್, ಸೀಟಿಯರಿಲ್ ಆಲ್ಕೋಹಾಲ್‌ಗಳು ಮೇಣದಂಥ ಬಿಳಿ ಚಕ್ಕೆಗಳು. ಇವನ್ನು ಫ್ಯಾಟಿ ಆಲ್ಕೋಹಾಲ್ ಅನ್ನುತ್ತಾರೆ. ಸೀಟೈಲ್‌ನಲ್ಲಿ 16 ಕಾರ್ಬನ್‌ಗಳ ಸರಪಳಿ, ಸ್ಟಿಯರಿಲ್‌ನಲ್ಲಿ 18. ಸೀಟಿಯರಿಲ್ ಅಂದರೆ ಈ ಎರಡರ ಮಿಶ್ರಣ. 1817ರಲ್ಲಿ ಫ್ರಾನ್ಸ್‌ನ ಕೆಮಿಸ್ಟ್ ಶೆವ್ರೊಲ್ ಸೀಟೈಲ್ ಆಲ್ಕೋಹಾಲನ್ನು ಮೊದಲು ಬೇರ್ಪಡಿಸಿದ್ದು ತಿಮಿಂಗಿಲದ ತಲೆಯ ಮೇಣದಿಂದ. ಸೀಟೈಲ್ ಅನ್ನುವ ಹೆಸರು ಬಂದದ್ದೂ ತಿಮಿಂಗಿಲದ ಲ್ಯಾಟಿನ್ ಹೆಸರಿನಿಂದಲೇ. ಈಗ ಅದನ್ನು ಹೆಚ್ಚಾಗಿ ಸಸ್ಯದ ಎಣ್ಣೆಗಳಿಂದ ಮಾಡುತ್ತಾರೆ. ಮೇಣ ಕೂದಲನ್ನು ಒಣಗಿಸುವುದಿಲ್ಲ, ನುಣುಪು ಮಾಡುತ್ತದೆ. ಗೆಳತಿಗೂ ಇದನ್ನು ಹೇಳಿ.

ಕಂಡೀಷನರ್‌ನ ನಿಜವಾದ ಕೆಲಸ ಆಗುವುದು ಎರಡನೇ ಮತ್ತು ಮೂರನೇ ಹೆಸರಿನ ಜೋಡಿಯಲ್ಲಿ. ಲ್ಯಾಬ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬಿಸಿ ನೀರಿಗೆ ಬರೀ ಸೀಟಿಯರಿಲ್ ಆಲ್ಕೋಹಾಲ್ ಹಾಕಿ ಕಲಕಿದರೆ ಅದು ಕರಗಿ ಮೇಲೆ ತೇಲುತ್ತದೆ, ಆರಿದ ಮೇಲೆ ಮೇಣದ ಬಿಲ್ಲೆಯಾಗಿ ಕೂರುತ್ತದೆ. ಅದೇ ನೀರಿಗೆ ಒಂದೆರಡು ಪರ್ಸೆಂಟ್ ಬೆಹೆಂಟ್ರಿಮೋನಿಯಂ ಕ್ಲೋರೈಡ್ ಸೇರಿಸಿ, 75-80 ಡಿಗ್ರಿಯಲ್ಲಿ ಕಲಕಿ, ಆರಲು ಬಿಡಿ. ಹಾಲಿನಂತೆ ತೆಳ್ಳಗಿದ್ದದ್ದು ನೋಡನೋಡುತ್ತಲೇ ಗಟ್ಟಿಯಾಗಿ ಕೆನೆಯಾಗುತ್ತದೆ. ಎಷ್ಟು ಸಲ ಮಾಡಿದ್ದರೂ ಆ ಗಳಿಗೆ ನನಗೆ ಈಗಲೂ ಇಷ್ಟ. ನೂರರಲ್ಲಿ 80ರಿಂದ 90 ಪಾಲು ನೀರೇ ಇದ್ದರೂ ಕಂಡೀಷನರ್ ಕೈಯಿಂದ ಜಾರಿಹೋಗದೆ ನಿಲ್ಲುವುದು ಈ ಜೋಡಿಯಿಂದಲೇ.

ಮೂರನೇ ಹೆಸರಿಗೆ ಪಾಸಿಟಿವ್ ಚಾರ್ಜ್ ಇರುತ್ತದೆ. ಒದ್ದೆ ಕೂದಲಿನ ಮೇಲ್ಮೈಗೆ ನೆಗೆಟಿವ್ ಚಾರ್ಜ್. ಎಲ್ಲಿ ಹಾನಿ ಜಾಸ್ತಿಯೋ ಅಲ್ಲಿ ನೆಗೆಟಿವ್ ಕೂಡ ಜಾಸ್ತಿ. ಹಾಗಾಗಿ ಅದು ಹಾಳಾದ ಜಾಗವನ್ನೇ ಹುಡುಕಿಕೊಂಡು ಹೋಗಿ ಅಂಟುತ್ತದೆ, ನೀರು ಹಾಕಿ ತೊಳೆದರೂ ಸ್ವಲ್ಪ ಉಳಿಯುತ್ತದೆ. ನಿಮ್ಮ ಎರಡು ಬಾಟಲಿಗಳ ಮೊದಲ ವ್ಯತ್ಯಾಸ ಇರುವುದು ಇಲ್ಲೇ. ಬೆಹೆಂಟ್ರಿಮೋನಿಯಂಗೆ 22 ಕಾರ್ಬನ್‌ಗಳ ಉದ್ದ ಬಾಲ ಇದೆ, ಚಾರ್ಜ್ ಯಾವಾಗಲೂ ಇರುತ್ತದೆ, ಹಿಡಿತ ಗಟ್ಟಿ. ಎರಡನೇ ಬಾಟಲಿಯ ಸ್ಟಿಯರಮಿಡೋಪ್ರೊಪೈಲ್ ಡೈಮಿಥೈಲಮೈನ್ ಹಗುರ. ಹುಳಿ ಸೇರಿದಾಗ ಮಾತ್ರ ಅದಕ್ಕೆ ಚಾರ್ಜ್ ಬರುತ್ತದೆ. ಆ ಪಟ್ಟಿಯಲ್ಲಿ ಲ್ಯಾಕ್ಟಿಕ್ ಆಸಿಡ್ ಇರುವುದು ಅದಕ್ಕೇ, ಸುಮ್ನೆ ಹಾಕಿದ್ದಲ್ಲ.

ಎರಡನೇ ವ್ಯತ್ಯಾಸ ಅಮೋಡೈಮೆಥಿಕೋನ್ ಅನ್ನುವ ಸಿಲಿಕೋನ್. ನಿಮಗೆ ಬೇಕಿರುವುದು ಮುಖ್ಯವಾಗಿ ಇದೇ. ಹುಟ್ಟು ಕೂದಲಿನ ಹೊರಮೈಗೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಒಂದು ಕೊಬ್ಬಿನ ಪದರ ಅಂಟಿಕೊಂಡಿರುತ್ತದೆ. ನೀರನ್ನು ದೂರ ಇಡುವುದು, ಎಳೆಗೆ ಎಳೆ ಉಜ್ಜದಂತೆ ಜಾರಿಸುವುದು ಅದರ ಕೆಲಸ. ಬ್ಲೀಚ್ ಆ ಪದರವನ್ನು ಕಿತ್ತುಹಾಕುತ್ತದೆ. ನೀವೇ ಪರೀಕ್ಷೆ ಮಾಡಿ ನೋಡಬಹುದು. ಪೂರ್ತಿ ಒಣಗಿದ, ಎಣ್ಣೆ ಕಂಡೀಷನರ್ ಏನೂ ಹಚ್ಚದ ಕೂದಲನ್ನು ಹರಡಿ ಹಿಡಿಯಿರಿ. ಬುಡದ ಹತ್ತಿರ ಹೊಸದಾಗಿ ಬೆಳೆದ ಕಡೆ ಒಂದು ಹನಿ ನೀರು ಬಿಡಿ. ಮಣಿಯ ಹಾಗೆ ನಿಲ್ಲುತ್ತದೆ. ಬ್ಲೀಚ್ ಆದ ತುದಿಯ ಮೇಲೆ ಇನ್ನೊಂದು ಹನಿ ಬಿಡಿ. ಹರಡಿ ಒಳಗೆ ಇಳಿದುಬಿಡುತ್ತದೆ.

ಕಳೆದುಹೋದ ಆ ಪದರದ ಜಾಗದಲ್ಲಿ ಕೂರುವುದು ಸಿಲಿಕೋನ್. ಸಾಮಾನ್ಯ ಡೈಮೆಥಿಕೋನ್ ಎಲ್ಲ ಕಡೆ ಹರಡುತ್ತದೆ. ಅಮೋಡೈಮೆಥಿಕೋನ್‌ನಲ್ಲಿ ಅಮೈನ್ ಗುಂಪುಗಳು ಇರುವುದರಿಂದ ಅದಕ್ಕೂ ಪಾಸಿಟಿವ್ ಚಾರ್ಜ್ ಬರುತ್ತದೆ, ಅದೂ ಹಾಳಾದ ಕಡೆಯೇ ಜಾಸ್ತಿ ಕೂರುತ್ತದೆ. ಪ್ಲಾಸ್ಟಿಕ್ ಚೀಲದ ಹಾಗೆ ಕೂದಲನ್ನು ಸುತ್ತಿಬಿಡುತ್ತದೆ ಅನ್ನುವುದು ನಿಜವಲ್ಲ. ಅದು ತುಂಬಾ ತೆಳು ಪದರ, ಶಾಂಪೂ ಹಾಕಿದಾಗ ಬಹುಪಾಲು ಹೋಗುತ್ತದೆ. ಇನ್ನು ಕೂದಲಿನ ಎಳೆ ಜೀವ ಇರುವ ಅಂಗವಲ್ಲ, ಉಸಿರುಗಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಹಿಂದೆ ಇರುವ ಟ್ರೈಡೆಸೆತ್-12, ಸೆಟ್ರಿಮೋನಿಯಂ ಕ್ಲೋರೈಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಮೋಡೈಮೆಥಿಕೋನ್ ನಮಗೆ ಬರುವುದೇ ಹೆಚ್ಚಾಗಿ ಇವೆರಡರ ಜೊತೆ ನೀರಿನಲ್ಲಿ ಬೆರೆತ ಬಿಳಿ ದ್ರವವಾಗಿ. ಒಂದೇ ಡ್ರಮ್‌ನಿಂದ ಬಂದದ್ದು ಪಟ್ಟಿಯಲ್ಲಿ ಮೂರು ಹೆಸರಾಗಿ ಕಾಣುತ್ತದೆ, ಅಷ್ಟೇ.

ಪ್ರಶ್ನೆ ಕೇಳಿದವರು:

ಮೇಡಂ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಹಾಗಾದರೆ ಕೆರಾಟಿನ್ ಪೂರ್ತಿ ಸುಳ್ಳಾ? ಮತ್ತೆ ನನಗೆ ಕೂದಲು ಉದುರುವುದೂ ಇದೆ. ಮೊದಲನೇ ಬಾಟಲಿ ಅದನ್ನು ನಿಲ್ಲಿಸುತ್ತದಾ?

ಉತ್ತರ:

ಸುಳ್ಳಲ್ಲ. ಕೆರಾಟಿನ್ ಅಂದರೆ ಕೂದಲು ಆಗಿರುವ ಪ್ರೋಟೀನೇ. ಹೈಡ್ರೊಲೈಜ್ಡ್ ಅಂದರೆ ಆ ಪ್ರೋಟೀನನ್ನು ಚಿಕ್ಕ ಚಿಕ್ಕ ತುಂಡು ಮಾಡಿದ್ದಾರೆ ಅಂತ. ಆ ತುಂಡುಗಳು ಹಾಳಾದ ಕೂದಲಿಗೆ ಅಂಟಿಕೊಂಡು ತೊಳೆಯುವವರೆಗೆ ಸ್ವಲ್ಪ ಬಲ ಕೊಡುತ್ತವೆ. ಕಿತ್ತುಹೋದ ಕೂದಲನ್ನು ಮತ್ತೆ ಕಟ್ಟುವುದಿಲ್ಲ. ನಿಮ್ಮ ಬಾಟಲಿಯಲ್ಲಿ ಅದು ಪಟ್ಟಿಯ ಕೊನೆಗೆ ಇರುವುದರಿಂದ ಜಾಸ್ತಿ ನಿರೀಕ್ಷೆ ಬೇಡ.

ಉದುರುವ ಬಗ್ಗೆ: ಬಾಚಣಿಗೆಯಲ್ಲಿ ಬಂದ ಒಂದು ಕೂದಲನ್ನು ಬೆಳಕಿಗೆ ಹಿಡಿದು ಎರಡೂ ತುದಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡು ಇದ್ದರೆ ಅದು ಬುಡದಿಂದ ಬಂದದ್ದು. ಅದಕ್ಕೂ ಕಂಡೀಷನರ್‌ಗೂ ಸಂಬಂಧ ಇಲ್ಲ, ಯಾವ ಬಾಟಲಿಯೂ ಅದನ್ನು ನಿಲ್ಲಿಸುವುದಿಲ್ಲ. ಅಂಥದ್ದೇ ಜಾಸ್ತಿ ಕಂಡರೆ, ಮೊದಲಿಗಿಂತ ಹೆಚ್ಚಾಗಿದ್ದರೆ, ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಗುಂಡು ಇಲ್ಲದೆ ಚಿಕ್ಕ ತುಂಡುಗಳೇ ಬರುತ್ತಿದ್ದರೆ ಅದು ಮುರಿದದ್ದು. ಅದನ್ನು ಕಂಡೀಷನರ್ ನಿಜವಾಗಿಯೂ ಕಡಿಮೆ ಮಾಡುತ್ತದೆ, ಯಾಕೆಂದರೆ ಬಾಚಣಿಗೆ ಸಿಕ್ಕಿನಲ್ಲಿ ಸಿಗದೆ ಜಾರುತ್ತದೆ. ನೀವು ‘ಪಟಪಟ’ ಅಂದಿರಲ್ಲ, ನನಗೆ ಅದು ಮುರಿಯುವ ಕೂದಲು ಅಂತಲೇ ಅನ್ನಿಸುತ್ತದೆ.

ಇನ್ನೊಬ್ಬರ ಪ್ರಶ್ನೆ:

ಮೇಡಂ, ನನ್ನದು ತೆಳು ಕೂದಲು, ಬಣ್ಣ ಏನೂ ಹಾಕಿಲ್ಲ. ಯಾವ ಕಂಡೀಷನರ್ ಹಚ್ಚಿದರೂ ತಲೆಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ನಾನೂ ಮೊದಲನೆಯದನ್ನೇ ತರಬೇಕಾ?

ಉತ್ತರ:

ಬೇಡ. ನಿಮಗೆ ಎರಡನೆಯದರಂಥ ಪಟ್ಟಿ ಸಾಕು, ಹಗುರವಾಗಿರುತ್ತದೆ. ನಿಮ್ಮ ಕೂದಲಿನ ಆ ಕೊಬ್ಬಿನ ಪದರ ಬಹುಮಟ್ಟಿಗೆ ಹಾಗೇ ಇದೆ, ಅದರ ಮೇಲೆ ಮತ್ತೆ ಹೊದಿಸಿದರೆ ಭಾರವಾಗಿ ಮಲಗುತ್ತದೆ. ಎಣ್ಣೆಯೂ ಭಾರ ಅನ್ನಿಸಿದರೆ, ಎಣ್ಣೆಯ ಹೆಸರು ಸುಗಂಧಕ್ಕಿಂತ ಹಿಂದೆ ಇರುವುದನ್ನು ಆರಿಸಿ.

ಮತ್ತೊಬ್ಬರ ಪ್ರಶ್ನೆ:

ಅಕ್ಕ, ನನಗೆ ಹೊಸ ಕಂಡೀಷನರ್ ಹಚ್ಚಿದಾಗಿನಿಂದ ಕುತ್ತಿಗೆ ಹಿಂದೆ, ಕಿವಿ ಹತ್ತಿರ ತುರಿಕೆ. ಸಿಲಿಕೋನ್‌ನಿಂದಲೇ ಇರಬೇಕು ಅಲ್ವಾ?

ಉತ್ತರ:

ಸಿಲಿಕೋನ್‌ನಿಂದ ಅಲರ್ಜಿ ಆಗುವುದು ಬಹಳ ಅಪರೂಪ. ಪಟ್ಟಿಯ ಕೊನೆಯ ಕಡೆ ನೋಡಿ. ಮೊದಲ ಅನುಮಾನ ಸುಗಂಧದ ಮೇಲೆ, ಎರಡನೆಯದು ಪ್ರಿಸರ್ವೇಟಿವ್ ಮೇಲೆ. ಮೀಥೈಲ್‌ಐಸೋಥಯಾಜೋಲಿನೋನ್ ಅನ್ನುವ ಉದ್ದ ಹೆಸರು ಇದೆಯಾ ಅಂತ ಹುಡುಕಿ. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಅದನ್ನೇ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು. ಯುರೋಪಿನಲ್ಲಿ ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ನಿಷೇಧಿಸಿದ್ದಾರೆ, ತೊಳೆದುಹೋಗುವ ಉತ್ಪನ್ನದಲ್ಲಿ 0.0015 ಪರ್ಸೆಂಟ್‌ಗೆ ಇಳಿಸಿದ್ದಾರೆ. ಪ್ರಮಾಣ ಚಿಕ್ಕದಾದರೆ ತೊಂದರೆಯೂ ಚಿಕ್ಕದು ಅಂದುಕೊಳ್ಳಬೇಡಿ ಅಂತ ಇದನ್ನು ಹೇಳುತ್ತಿದ್ದೇನೆ. ಸದ್ಯಕ್ಕೆ ಆ ಬಾಟಲಿ ನಿಲ್ಲಿಸಿ. ತುರಿಕೆ ಹೋಗದಿದ್ದರೆ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಸ್ವಲ್ಪ ಸ್ವಲ್ಪ ಅಂಟಿಸಿ ಯಾವುದರಿಂದ ಅಲರ್ಜಿ ಅಂತ ನೋಡುವ ಪರೀಕ್ಷೆ) ಮಾಡುವ ಚರ್ಮದ ಡಾಕ್ಟರಿಗೆ ಬಾಟಲಿಯನ್ನೇ ತೋರಿಸಿ. ಊಹೆ ಮಾಡುತ್ತಾ ಒಂದೊಂದೇ ಬಾಟಲಿ ಬದಲಿಸುತ್ತಾ ಹೋಗಬೇಡಿ, ಚರ್ಮ ಸೋತುಹೋಗುತ್ತದೆ.

ಪ್ರಶ್ನೆ ಕೇಳಿದವರು:

ಮೇಡಂ, ಇವತ್ತು ತಲೆಸ್ನಾನ ಮಾಡಿ, ಏನೂ ಹಚ್ಚದೆ ಒಣಗಿಸಿ ನೀರಿನ ಹನಿ ಪರೀಕ್ಷೆ ಮಾಡಿದೆ. ಬುಡದಿಂದ ನಾಲ್ಕು ಬೆರಳಿನಷ್ಟು ದೂರ ಹನಿ ಮಣಿಯ ಹಾಗೆ ನಿಂತಿತು. ಅದರ ಕೆಳಗೆ ಬಿಟ್ಟ ಹನಿ ಬಟ್ಟೆಗೆ ಬಿದ್ದ ಹಾಗೆ ಮಾಯವಾಯಿತು. ಸರಿಯಾಗಿ ಬ್ಲೀಚ್ ಶುರುವಾಗುವ ಜಾಗ! ಕೂದಲಿನ ತುಂಡುಗಳಲ್ಲಿ ಬಿಳಿ ಗುಂಡು ಇದ್ದದ್ದು ಮೂರರಲ್ಲಿ ಮಾತ್ರ, ಉಳಿದವೆಲ್ಲ ಮುರಿದ ತುಂಡುಗಳೇ. ಹಚ್ಚುವುದು ಹೇಗೆ ಅಂತ ಹೇಳಿಬಿಡಿ.

ಉತ್ತರ:

ತುಂಬಾ ಚೆನ್ನಾಗಿ ನೋಡಿದ್ದೀರಿ. ಆ ನಾಲ್ಕು ಬೆರಳು ಬಿಟ್ಟುಬಿಡಿ, ಅಲ್ಲಿ ನಿಮ್ಮ ನೆತ್ತಿಯ ಜಿಡ್ಡೇ ಸಾಕು. ಶಾಂಪೂ ಆದ ಮೇಲೆ ಕೂದಲಿನ ನೀರನ್ನು ಕೈಯಲ್ಲಿ ಹಿಂಡಿ ತೆಗೆಯಿರಿ, ಇಲ್ಲದಿದ್ದರೆ ಕಂಡೀಷನರ್ ನೀರಿನ ಜೊತೆಯೇ ಇಳಿದುಹೋಗುತ್ತದೆ. ಮೊದಲನೇ ಬಾಟಲಿಯಿಂದ ತೆಗೆದುಕೊಂಡು ತುದಿಯಿಂದ ಶುರು ಮಾಡಿ, ಮೇಲಕ್ಕೆ ಬನ್ನಿ. ಹಚ್ಚಿದಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ, ಅದೂ ತುದಿಯಿಂದಲೇ. ಎರಡು ಮೂರು ನಿಮಿಷ ಸಾಕು, ಅರ್ಧ ಗಂಟೆ ಕಾಯುವ ಅಗತ್ಯ ಇಲ್ಲ. ಎರಡನೇ ಬಾಟಲಿಯನ್ನು ಬಿಸಾಡಬೇಡಿ, ಬಣ್ಣ ಹಾಕಿಸದವರು ಮನೆಯಲ್ಲಿ ಯಾರಾದರೂ ಇದ್ದರೆ ಅವರಿಗೆ ಕೊಡಿ.