ಅಳು ನುಂಗಲು ಕಲಿಸಿದ್ದು ತಪ್ಪೇ? – ಓದುಗರ ಸ್ಪಂದನ

(ಅಮೆರಿಕದಲ್ಲಿರುವ ಮಗ, ಅಲ್ಲಿಯ ಆಪ್ತಸಮಾಲೋಚಕರನ್ನು ಕಂಡ ಮೇಲೆ, ‘ನೀವು ಅಳು ನುಂಗಲು ಕಲಿಸಿದ್ದರಿಂದಲೇ ನನಗೆ ಖಿನ್ನತೆ ಬಂತು’ ಎಂದು ದೂರುತ್ತಿರುವುದಾಗಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ತಾಯಿಯೊಬ್ಬರು ಬರೆದಿದ್ದರು.)

ಮಾನ್ಯ ಸೋದರಿ,
ಭಾವನೆಯನ್ನು ನಿಭಾಯಿಸುವ ಎರಡು ಬಗೆಗಳನ್ನು ಮನಶ್ಶಾಸ್ತ್ರ ಬೇರೆಬೇರೆಯಾಗಿ ನೋಡುತ್ತದೆ. ನಡೆದುದಕ್ಕೆ ಮನಸ್ಸಿನಲ್ಲೇ ಬೇರೆ ಅರ್ಥ ಕೊಟ್ಟುಕೊಳ್ಳುವುದು ಒಂದು, ಉಕ್ಕಿಬಂದುದನ್ನು ಹೊರಗೆ ತೋರಗೊಡದಿರುವುದು ಇನ್ನೊಂದು. ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಗ್ರಾಸ್ ಮತ್ತು ಆಲಿವರ್ ಜಾನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಐರೋಪ್ಯ ಮೂಲದ ವಿದ್ಯಾರ್ಥಿಗಳಿಗಿಂತ ಏಷ್ಯನ್, ಆಫ್ರಿಕನ್ ಹಾಗೂ ಲ್ಯಾಟಿನೋ ಮೂಲದವರು ಎರಡನೆಯದನ್ನು ಹೆಚ್ಚಾಗಿ ಮಾಡುವುದಾಗಿ ಹೇಳಿಕೊಂಡಿದ್ದರು. ಮೊದಲನೆಯದರಲ್ಲಿ ಅಂತಹ ಅಂತರ ಕಾಣಲಿಲ್ಲ. 2011ರ ಇನ್ನೊಂದು ಅಧ್ಯಯನದ ಪ್ರಕಾರ, ತೋರಗೊಡದಿರುವ ಅಭ್ಯಾಸಕ್ಕೂ ಖಿನ್ನತೆಯ ಲಕ್ಷಣಗಳಿಗೂ ಐರೋಪ್ಯ ಮೂಲದ ಅಮೆರಿಕನ್ನರಲ್ಲಿ ಕಂಡ ನಂಟು ಹಾಂಕಾಂಗಿನ ಚೀನೀಯರಲ್ಲಿ ಕಾಣಲಿಲ್ಲ. ಆದ್ದರಿಂದ ಅಳು ತಡೆದದ್ದೇ ರೋಗದ ಮೂಲವೆಂದು ತೀರ್ಮಾನಿಸುವಂತಿಲ್ಲ. ಹಾಗೆಂದು ‘ಏಷ್ಯನ್’ ಎಂಬ ಒಂದೇ ಚೀಟಿಯಡಿ ಹಾಂಕಾಂಗಿನವರನ್ನೂ ಬದಿಯಡ್ಕದವರನ್ನೂ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಏಳು ಭಾಷೆಗಳ ನಮ್ಮ ಈ ಜಿಲ್ಲೆಯಲ್ಲೇ ಒಂದು ಮನೆಯ ಅಳು ಇನ್ನೊಂದು ಮನೆಯಂತಿಲ್ಲ. ಸರಾಸರಿಯ ಲೆಕ್ಕ ನಿಮ್ಮ ಮಗನೊಬ್ಬನ ಕಥೆಯನ್ನು ಹೇಳಲಾರದು.
– ಮನಶ್ಶಾಸ್ತ್ರದ ಅಧ್ಯಾಪಕ, ಕಾಸರಗೋಡು

ನನ್ನ ಅತ್ತೆಯವರು ಮಾವ ತೀರಿಕೊಂಡಾಗ ಬಂದವರೆದುರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಬೊಜ್ಜದ (ಉತ್ತರಕ್ರಿಯೆಯ) ಅಡುಗೆಗೆ ಅಕ್ಕಿ ಅಳೆದು ಕೊಟ್ಟದ್ದೂ ಅವರೇ. ಆದರೆ ಮರುವರ್ಷದ ಕೋಲದಲ್ಲಿ, ದೈವದ ಮುಂದೆ ಅರಿಕೆ ಮಾಡಿಕೊಳ್ಳಲು ನಿಂತಾಗ, ವರ್ಷವಿಡೀ ನುಂಗಿದ್ದೆಲ್ಲ ಹೊರಗೆ ಬಂತು, ಯಾರೂ ಅವರನ್ನು ಸುಮ್ಮನಾಗಿಸಲಿಲ್ಲ. ನಾವು ಮಕ್ಕಳಿಗೆ ತಡೆಯುವುದನ್ನು ಕಲಿಸಿ ಕಳುಹಿಸಿದೆವು, ಇಳಿಸಿಕೊಳ್ಳುವ ಅಂಗಳ ಮಾತ್ರ ಇಲ್ಲೇ ಉಳಿಯಿತು. ಆ ಸಮಾಲೋಚಕರ ಕೋಣೆ ನಿಮ್ಮ ಮಗನಿಗೆ ಈಗ ಅಂಥದೊಂದು ಅಂಗಳವಾಗಿರಬಹುದಲ್ಲವೇ?
– ನಿವೃತ್ತ ಟೀಚರ್, ಮಂಜೇಶ್ವರ

ಅಮ್ಮಾ, ನಾನು ನಿಮ್ಮ ಮಗನ ವಯಸ್ಸಿನವನು. ಮೇಲಿನಂತಹ ಅಧ್ಯಯನಗಳನ್ನು ದಯವಿಟ್ಟು ಅವನಿಗೆ ಉತ್ತರವಾಗಿ ಕಳುಹಿಸಬೇಡಿ. ನೀವು ವಾದದಲ್ಲಿ ಗೆದ್ದರೆ ಅವನು ಫೋನ್ ಮಾಡುವುದನ್ನೇ ನಿಲ್ಲಿಸಿಯಾನು. ಚಿಕಿತ್ಸೆಯನ್ನು ಬಿಡು ಎನ್ನಲೂಬೇಡಿ. ಯಾವ ದಿನ, ಯಾವ ಮಾತಿಗೆ ಅಳು ನುಂಗಿದೆ ಎಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.
– ಓದುಗ, ಕುಂಬಳೆ