ಪದಚರ್ಚೆ: ‘ನಿಮ್ಮಿಂದ ನಾನು ಬೆಳೆದೆ’ ಎಂಬುದನ್ನು ಜರ್ಮನ್‌ನಲ್ಲಿ ಹೇಳುವ ಬಗೆ

ಪ್ರಶ್ನೆ: ಜರ್ಮನಿಯಲ್ಲಿ ಓದು ಮುಗಿಸಿದ ವಿದ್ಯಾರ್ಥಿ ತನ್ನ ಮಾರ್ಗದರ್ಶಕಿಗೆ ‘ನನ್ನ ವೈಯಕ್ತಿಕ ಬೆಳವಣಿಗೆಗಾಗಿ ನಿಮಗೆ ಹೃತ್ಪೂರ್ವಕ ಕೃತಜ್ಞತೆಗಳು’ ಎಂದು ಬರೆಯಬೇಕು. ‘ಪೆರ್ಜೋನ್‌ಲಿಶೆಸ್ ವಾಕ್ಸ್‌ಟೂಮ್’ ಎಂದರೆ ಸರಿಯೇ?

ಉತ್ತರ: ವ್ಯಾಕರಣದ ಮಟ್ಟಿಗೆ ಸರಿ, ಪತ್ರಕ್ಕೆ ಮಾತ್ರ ಒಗ್ಗದು. ‘ವಾಕ್ಸ್‌ಟೂಮ್’ ಹೆಚ್ಚಾಗಿ ಬರುವುದು ಗಿಡದ ಬೆಳವಣಿಗೆಗೆ, ಆರ್ಥಿಕ ಬೆಳವಣಿಗೆಗೆ. ಹಿಂದೆ ‘ಪೆರ್ಜೋನ್‌ಲಿಶೆಸ್’ ಸೇರಿದರೆ ವ್ಯಕ್ತಿತ್ವ ವಿಕಸನ ಶಿಬಿರದ ಕರಪತ್ರದ ದನಿ ಬಂದುಬಿಡುತ್ತದೆ. ನಾಮಪದವೇ ಬೇಕಿದ್ದರೆ ‘ಎಂಟ್‌ವಿಕ್ಲುಂಗ್’ (ವಿಕಾಸ, ಬೆಳವಣಿಗೆ) ಮೇಲು.

ಅದಕ್ಕಿಂತ ಚೆನ್ನಾದ ದಾರಿ ಕ್ರಿಯಾಪದದಲ್ಲಿದೆ. ‘ವಾಕ್ಸೆನ್’ (ಬೆಳೆಯುವುದು) ಜೊತೆಗೆ ‘ಆನ್’ ಸೇರಿಸಿ, ಮುಂದಿನ ಪದವನ್ನು ಚತುರ್ಥಿಯಲ್ಲಿ (ಡಾಟಿವ್) ಇಟ್ಟರೆ ‘ಇದರಿಂದ ನಾನು ಬೆಳೆದೆ, ಗಟ್ಟಿಯಾದೆ’ ಎಂಬ ಅರ್ಥ ಬರುತ್ತದೆ. ‘ಔಫ್‌ಗೆವಾಕ್ಸೆನ್’ ಎಂದು ಬರೆದೀರಿ, ಜೋಕೆ: ಅದು ‘ಬೆಂಗಳೂರಿನಲ್ಲಿ ಹುಟ್ಟಿ ಬೆಳೆದೆ’ ಎನ್ನುವಾಗಿನ ಬೆಳೆದೆ.

ಇನ್ನೊಂದು ತೊಡಕು ‘ಫ್ಯೂರ್’ (-ಗಾಗಿ) ಬಳಕೆಯದು. ‘ಫ್ಯೂರ್’ ಮುಂದೆ ಬರಬೇಕಾದದ್ದು ಅವರು ಕೊಟ್ಟದ್ದು: ತಾಳ್ಮೆ, ಸಮಯ, ಬೆಂಬಲ. ‘ಫ್ಯೂರ್ ಮೈನೆ ಎಂಟ್‌ವಿಕ್ಲುಂಗ್’ ಎಂದರೆ ನಿಮ್ಮ ಬೆಳವಣಿಗೆಯನ್ನೇ ಅವರು ಕೈಗೆತ್ತಿ ಕೊಟ್ಟ ಹಾಗೆ ಕೇಳುತ್ತದೆ. ಹಾಗಾಗಿ ಮಾತನ್ನು ಮೂರಾಗಿ ಒಡೆಯಿರಿ:

‘ಇಶ್ ಡಾಂಕೆ ಈನೆನ್ ಫೋನ್ ಗಾಂಟ್ಸೆಮ್ ಹೆರ್ಟ್ಸೆನ್ ಫ್ಯೂರ್ ಈರೆ ಗೆಡುಲ್ಟ್. ಬೈ ಈನೆನ್ ಹಾಬೆ ಇಶ್ ಗೆಲೆರ್ನ್ಟ್, ಫ್ರಾಗೆನ್ ಟ್ಸು ಷ್ಟೆಲೆನ್. ಡಾರಾನ್ ಬಿನ್ ಇಶ್ ಗೆವಾಕ್ಸೆನ್.’

ಅಂದರೆ: ನಿಮ್ಮ ತಾಳ್ಮೆಗೆ ಮನಸಾರೆ ಕೃತಜ್ಞತೆ, ಪ್ರಶ್ನೆ ಕೇಳುವುದನ್ನು ನಿಮ್ಮಲ್ಲಿ ಕಲಿತೆ, ಅದರಿಂದ ಬೆಳೆದೆ. ಕಲಿತದ್ದು ಏನೆಂದು ಹೆಸರಿಟ್ಟು ಹೇಳುವ ನಡುವಿನ ವಾಕ್ಯವೇ ಪತ್ರದ ಜೀವ, ಅದನ್ನು ಬಿಡಬೇಡಿ.

‘ಈನೆನ್’ ನಮ್ಮ ‘ನಿಮಗೆ’ಯೇ. ಕನ್ನಡದಿಂದ ನೇರ ಬಂದರೆ ವಿಭಕ್ತಿ ತಪ್ಪುವುದಿಲ್ಲ. ಇಂಗ್ಲಿಷ್ ಬಳಸಿ ಬಂದವರು ‘ಇಶ್ ಡಾಂಕೆ ಜೀ’ (‘ಜೀ’ ಎಂದರೆ ನಿಮ್ಮನ್ನು) ಎಂದು ಎಡವುತ್ತಾರೆ. ಕೃತಜ್ಞತೆ ಹೇಳಲು ‘ಬೆಡಾಂಕೆನ್’ ಬಳಸಿದರೆ ಕಟ್ಟು ಬೇರೆ: ‘ಇಶ್ ಬೆಡಾಂಕೆ ಮಿಶ್ ಬೈ ಈನೆನ್’. ಎರಡನ್ನೂ ಬೆರೆಸಬಾರದು.

ಉಪಕಾರ ದೊಡ್ಡದಿದ್ದರೆ ‘ಇಶ್ ಹಾಬೆ ಈನೆನ್ ಫೀಲ್ ಟ್ಸು ಫೆರ್‌ಡಾಂಕೆನ್’. ‘ನಿಮ್ಮ ಋಣ ದೊಡ್ಡದು’ ಎಂಬುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಹತ್ತಿರದ್ದಿಲ್ಲ. ‘ಇನ್ ಈರರ್ ಷುಲ್ಡ್’ (ನಿಮ್ಮ ಋಣದಲ್ಲಿ) ಎಂಬ ನುಡಿಗಟ್ಟೂ ಇದೆ. ಆದರೆ ‘ಷುಲ್ಡ್’ಗೆ ಸಾಲದ ಜೊತೆ ತಪ್ಪು ಎಂಬ ಅರ್ಥವೂ ಇರುವುದರಿಂದ ಭಾರವಾಗುತ್ತದೆ. ‘ಇನ್ ಟೀಫರ್ ಡಾಂಕ್‌ಬಾರ್‌ಕೈಟ್’ (ಆಳವಾದ ಕೃತಜ್ಞತೆಯಲ್ಲಿ) ಎಂದು ಪತ್ರ ಮುಗಿಸಲೇಬೇಡಿ. ಅದು ಪತ್ರಿಕೆಯ ನಿಧನವಾರ್ತೆಗಳಲ್ಲಿ ಕಾಣುವ ಸಾಲು.

ಪೂರಕ: ಬರವಣಿಗೆಯಲ್ಲಿ ‘ಈನೆನ್’, ‘ಈರೆ’ ಎರಡಕ್ಕೂ ಮೊದಲ ಅಕ್ಷರ ದೊಡ್ಡದಿರಲಿ. ಸಣ್ಣದಾದರೆ ‘ನಿಮಗೆ’ ಹೋಗಿ ‘ಅವರಿಗೆ’ ಆಗುತ್ತದೆ, ಕೃತಜ್ಞತೆ ಇನ್ಯಾರಿಗೋ ಸೇರುತ್ತದೆ. ಸಂಬೋಧನೆಯ ಮುಂದೆ ಅಲ್ಪವಿರಾಮ ಹಾಕಿದರೆ ಮರುಸಾಲು ಸಣ್ಣ ಅಕ್ಷರದಿಂದ ಶುರು. ಕೊನೆಯ ‘ಹೆರ್ಟ್ಸ್‌ಲಿಶೆ ಗ್ರ್ಯೂಸೆ’ (ಹೃತ್ಪೂರ್ವಕ ವಂದನೆಗಳು) ಮುಂದೆ ಅಲ್ಪವಿರಾಮ ಬೇಡ.